ನಯೀಂರ ಇಸ್ಕಂದರ್

ಉಸ್ಮಾನಿಯಾ ಸುಲ್ತಾನರ ಕಥೆಗಳನ್ನು ಅಭಿಮಾನದಿಂದ ಕೇಳುತ್ತಾ ಬೆಳೆದ ನನಗೆ ಅಲ್ಬೇನಿಯಾದ ಇಸ್ಕಂದರ್ ಬೇ ಒಂದು ಮುಳ್ಳಾಗಿದ್ದ. ಒತ್ತೆಯಾಳಾಗಿ ಸುಲ್ತಾನರ ಆಸ್ಥಾನ ಸೇರಿ, ಮುಸ್ಲಿಮನಾಗಿ, ಸೇನಾನಿಯೂ ಆದವನು 1443ರಲ್ಲಿ ತಿರುಗಿಬಿದ್ದ. ಕ್ರೈಸ್ತ ಧರ್ಮಕ್ಕೆ ಮರಳಿದ. 1468ರಲ್ಲಿ ಅವನು ಸಾಯುವವರೆಗೂ ಕ್ರೂಯಾ ಕೋಟೆ ಸುಲ್ತಾನರಿಗೆ ದಕ್ಕಲಿಲ್ಲ.

ಉಸ್ಮಾನಿಯಾ ಚರಿತ್ರೆಕಾರರಿಗೆ ಅವನು ಉಂಡ ಮನೆಗೆ ದ್ರೋಹ ಬಗೆದವನು. ರೋಮಿನ ಪೋಪರಿಗೆ ಕ್ರೈಸ್ತಲೋಕದ ಯೋಧ. ತಾಯಿಯ ಮೂಲ ಹಿಡಿದು ‘ನಮ್ಮವನೇ’ ಎನ್ನುವ ಸರ್ಬಿಯನ್ನರೂ ಇದ್ದಾರೆ.

ಆದರೆ ಅಲ್ಬೇನಿಯಾದಲ್ಲಿ? ಮುಸ್ಲಿಮರೇ ಅತಿ ದೊಡ್ಡ ಸಮುದಾಯವಾಗಿರುವ ಆ ನಾಡಿನ ರಾಷ್ಟ್ರವೀರ ಅವನೇ. 1967ರಲ್ಲಿ ಮಸೀದಿ, ಚರ್ಚುಗಳಿಗೆಲ್ಲ ಬೀಗ ಜಡಿಸಿದ ಎನ್ವರ್ ಹೋಜಾ ಕೂಡ ಅವನನ್ನು ಬಿಟ್ಟುಕೊಡಲಿಲ್ಲ. 1898ರಲ್ಲಿ ಅವನ ಮೇಲೆ ಮಹಾಕಾವ್ಯ ಪ್ರಕಟಿಸಿದ ನಯೀಂ ಫ್ರಾಶರಿಯಾದರೋ ಬೆಕ್ತಾಶಿ ಸೂಫಿ ಪಂಥದವರು. ಇಸ್ತಾಂಬುಲಿನಲ್ಲಿ ಸುಲ್ತಾನರದೇ ಸರಕಾರಿ ನೌಕರ!

ನಯೀಂರನ್ನು ದ್ರೋಹಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಇಸ್ಕಂದರನನ್ನು ಹಾಗೆನ್ನುವಾಗಲೂ ಈಗೀಗ ತಡವರಿಸುತ್ತೇನೆ.