ಜೀಪಿನಡಿಯ ಹಾಳೆ

ದೀಪಾವಳಿ ಕಳೆದು ಎರಡು ವಾರಕ್ಕೆ ನಮ್ಮ ಅಂಗಳ ಒಣಗುತ್ತದೆ. ಜೂನಿನಿಂದ ಪಾಚಿ ಹಿಡಿದು ಜಾರುತ್ತಿದ್ದ ನೆಲ ಆ ಹೊತ್ತಿಗೆ ಗಟ್ಟಿಯಾಗಿ, ಬೆನ್ನು ಕೊಟ್ಟರೆ ಬೆಚ್ಚಗೆನ್ನಿಸುವ ಹದಕ್ಕೆ ಬಂದಿರುತ್ತದೆ. ಆಗ ನಾನು ತೋಟಕ್ಕೆ ಹೋಗಿ ಅಗಲವಾದ ಒಂದು ಅಡಿಕೆ ಹಾಳೆ ಆರಿಸಿಕೊಂಡು ಬರುತ್ತೇನೆ. ಚಿಕ್ಕಂದಿನಲ್ಲಿ ಹಾಳೆಯ ಮೇಲೆ ಕೂತು ಎಳೆಸಿಕೊಂಡವರಿಗೆ ಅದು ಎಷ್ಟು ಚೆನ್ನಾಗಿ ಜಾರುತ್ತದೆಂದು ಹೇಳಬೇಕಾಗಿಲ್ಲ. ಅದರ ಮೇಲೆ ಅಂಗಾತ ಮಲಗಿ ಹಿಮ್ಮಡಿಯಿಂದ ಒಮ್ಮೆ ಒತ್ತಿದರೆ ಸಾಕು, ಸರ್ರನೆ ಜೀಪಿನ ಅಡಿಗೆ ಹೋಗಿರುತ್ತೇನೆ. ಪೇಟೆಯ ಗ್ಯಾರೇಜುಗಳಲ್ಲಿ ಇದಕ್ಕೆಂದೇ ಚಕ್ರದ ಹಲಗೆ ಇರುತ್ತದೆ. ನನ್ನ ಹಾಳೆಗೆ ಗ್ರೀಸು ಬೇಡ, ಹಾಳಾದರೆ ಮರುದಿನ ಇನ್ನೊಂದು ಉದುರುತ್ತದೆ.

ಜೀಪು 1996ರದ್ದು. ಮೀಟರು 99999 ದಾಟಿ ಮತ್ತೆ ಸೊನ್ನೆಗೆ ಬಂದದ್ದು ಎರಡು ಸಲ. ಮೂರನೆಯ ಸುತ್ತಿನ ನಡುವೆ ಅದರ ಕೇಬಲ್ಲು ತುಂಡಾಯಿತು, ನಾನೂ ಎಣಿಸುವುದನ್ನು ಬಿಟ್ಟೆ. ಎಂಜಿನ್ನಿಗೆ ವಯಸ್ಸಾದರೆ ಬಿಚ್ಚಿ ಕಟ್ಟಬಹುದು. ಗೇರ್‌ಬಾಕ್ಸು ಗುಜರಿಯಲ್ಲಿ ಸಿಗುತ್ತದೆ. ಹಳೆಯ ಗಾಡಿಯನ್ನು ನಿಜವಾಗಿ ಮುಗಿಸುವುದು ತುಕ್ಕು, ಅದೂ ನಾವು ಎಂದೂ ಬಗ್ಗಿ ನೋಡದ ಕಡೆಯಿಂದ.

ನಮ್ಮ ಮನೆ ಇರುವ ಜಾಗವೂ ತುಕ್ಕಿಗೆ ಹೇಳಿ ಮಾಡಿಸಿದಂಥದ್ದೇ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ಪ್ರವಾಸಿಗರು ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ನಾನು ಕಿಟಕಿಯ ಗಾಜಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟು ನೋಡುತ್ತೇನೆ, ಉಪ್ಪು. ಗಾಜಿನ ಮೇಲೆ ಕೂತದ್ದು ಅಡಿಯಲ್ಲೂ ಕೂತಿರುತ್ತದೆ. ಅದರ ಮೇಲೆ ಮಳೆಗಾಲದ ಕೆಂಪು ಕೆಸರು. ನೀರು ಮತ್ತು ಗಾಳಿ ಸೇರಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂಬುದು ಶಾಲೆಯ ಪಾಠ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಆ ಕೆಲಸ ಬೇಗ ಬೇಗ ನಡೆಯುತ್ತದೆ ಎಂಬುದು ಕರಾವಳಿಯ ಪಾಠ. ಕೆಸರಿನ ಪಾಲೂ ಕಡಿಮೆಯಲ್ಲ. ಮಳೆ ನಿಂತು ರಸ್ತೆ ಒಣಗಿದ ಮೇಲೂ ಚಾಸಿಯ ಮೂಲೆಯಲ್ಲಿ ಮೆತ್ತಿದ ಮಣ್ಣು ವಾರಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಜ್ವರ ಬಂದವರ ಹಣೆಗೆ ಇಟ್ಟ ಒದ್ದೆ ಬಟ್ಟೆಯ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ಸೋದರಳಿಯನ ಮದುವೆಯ ಫೋಟೋಕ್ಕೆಂದು ಜೀಪನ್ನು ತೆರೆಯ ಅಂಚಿಗೆ ಇಳಿಸಿದೆ. ಫೋಟೋ ಚೆನ್ನಾಗಿ ಬಂತು. ಮನೆಗೆ ಬಂದು ಮೇಲಿನಿಂದ ಮಾತ್ರ ತೊಳೆದೆ. ಮರುವರ್ಷದ ಆಟಿ ತಿಂಗಳಲ್ಲಿ ಒಂದು ಬೆಳಿಗ್ಗೆ ಬ್ರೇಕು ತುಳಿದರೆ ಪೆಡಲು ನೆಲಕ್ಕೇ ಹೋಯಿತು. ಹಿಂದಿನ ಚಕ್ರಗಳಿಗೆ ಹೋಗುವ ಸಪೂರ ಪೈಪು, ಅದನ್ನು ಚಾಸಿಗೆ ಹಿಡಿದಿಟ್ಟ ಕ್ಲಿಪ್ಪಿನ ಅಡಿಯಲ್ಲೇ ತೂತಾಗಿತ್ತು. ಕ್ಲಿಪ್ಪಿನ ಹೊರಗಡೆ ಪೈಪು ಹೊಸದರಂತಿತ್ತು. ಪುಣ್ಯಕ್ಕೆ ಎದುರಿಗಿದ್ದದ್ದು ನಮ್ಮದೇ ಹುಲ್ಲಿನ ಕುತ್ರೆ. ಹುಲ್ಲು ಕೆದರಿತು, ಬಂಪರು ಉಳಿಯಿತು, ನನಗೆ ಬುದ್ಧಿ ಬಂತು. ಅಂದಿನಿಂದ ವರ್ಷಕ್ಕೊಮ್ಮೆ ಹಾಳೆ ಹಿಡಿಯುತ್ತಿದ್ದೇನೆ. ಮೊದಲು ಹೆದರಿಕೆಗೆ ಮಾಡಿದ್ದು, ಈಗ ಅದೇ ಖುಷಿಗೆ ಕಾರಣವಾಗಿದೆ.

ಅಡಿಗೆ ಹೋದವನು ಮೊದಲು ಮಾಡುವುದು ಬಡಿಯುವ ಕೆಲಸ. ನನ್ನದೊಂದು ಸಣ್ಣ ಸುತ್ತಿಗೆ ಇದೆ, ಕಾಲು ಕಿಲೋ ತೂಗೀತು. ಹಲಸಿನ ಕಾಯಿಯನ್ನು ಬೆರಳಿನಿಂದ ತಟ್ಟಿ ಹಣ್ಣಾಯಿತೋ ಇಲ್ಲವೋ ಎಂದು ಹೇಳುವ ಅಜ್ಜಿಯರು ಎಲ್ಲರ ಮನೆಯಲ್ಲೂ ಇದ್ದರಲ್ಲ, ಇದೂ ಅದೇ ವಿದ್ಯೆ. ಗಟ್ಟಿ ಕಬ್ಬಿಣ ‘ಠಣ್’ ಎನ್ನುತ್ತದೆ. ಒಳಗೆ ತಿಂದುಹೋದದ್ದು ‘ದಪ್’ ಎನ್ನುತ್ತದೆ, ಹಣ್ಣಾದ ಹಲಸಿನಂತೆ. ಕಣ್ಣಿಗೆ ಕೆಂಪಗೆ ಕಂಡದ್ದೆಲ್ಲ ಕೆಟ್ಟಿರುವುದಿಲ್ಲ, ಕಪ್ಪಗೆ ಮಿರುಗುವುದೆಲ್ಲ ಒಳ್ಳೆಯದೂ ಅಲ್ಲ. ಮುಂದಿನಿಂದ ಹಿಂದಿನವರೆಗೆ ಚಾಸಿಯ ಎರಡು ತೊಲೆಗಳನ್ನೂ, ಅಡ್ಡಪಟ್ಟಿಗಳನ್ನೂ, ಸ್ಪ್ರಿಂಗಿನ ಪ್ಲೇಟು ತೂಗುವ ಹ್ಯಾಂಗರುಗಳನ್ನೂ ತಟ್ಟುತ್ತ ಹೋಗಲು ಮುಕ್ಕಾಲು ಗಂಟೆ ಬೇಕು. ನಡುವೆ ಪಕ್ಕದಲ್ಲಿ ಹೆಂಡತಿಯ ಕಾಲು ಕಾಣುತ್ತದೆ, ಬೆನ್ನಿಗೇ ಮಾತು: “ಹ್ವಾಯ್, ಊಟಕ್ ಬತ್ರಿಯಾ, ಅಲ್ಲೇ ಬಡ್ಸೂದಾ?”

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಎರಡು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ನನಗೆ ಇದನ್ನು ಕಲಿಸಿದ್ದು ಹಿಂದಿನ ಅಡ್ಡಪಟ್ಟಿ. ಎರಡು ತಗಡನ್ನು ರಿವೆಟ್ಟು ಹೊಡೆದು ಕೂಡಿಸಿದ ಜಾಗವದು. ಕೂದಲು ನುಸುಳದಷ್ಟು ಬಿಗಿಯಾಗಿ ಇದ್ದಿರಬೇಕು. ನಾನು ನೋಡುವಾಗ ಅಲ್ಲಿ ಚಕ್ಕೆಚಕ್ಕೆಯಾಗಿ ತುಕ್ಕು ತುಂಬಿ, ತಗಡುಗಳು ತುಟಿ ತೆರೆದಂತೆ ಅಗಲವಾಗಿದ್ದವು. ಕಿರುಬೆರಳಿನ ಉಗುರು ಒಳಗೆ ಹೋಗುತ್ತಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದರೆ ಹಾಳೆಹಾಳೆಯಾಗಿ ಎದ್ದು ಬಂತು. ಟಿಂಕರಿಂಗಿನವರು ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಇದ್ ಕಬ್ಣ ಅಲ್ಲ ಮಾರಾಯ್ರೆ, ಹಪ್ಳ” ಎಂದರು. ಇನ್ನೂ ವಿಚಿತ್ರವೆಂದರೆ, ಹಾಗೆ ಕೆರೆದ ತುಕ್ಕನ್ನು ಮುಚ್ಚಲು ನಾವು ಬಳಿಯುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ. ನಮ್ಮ ಮುರಕಲ್ಲಿನ ಗೋಡೆಯ ಕೆಂಪಿನ ಗುಟ್ಟೂ ಅದೇ.

ಕೆರೆಯುವ ಕೆಲಸಕ್ಕೆ ಗ್ರೈಂಡರಿಗೆ ಹಾಕುವ ತಂತಿ ಬ್ರಷ್ಷು ಇದೆ. ಅದು ಕಿಡಿ ಹಾರಿಸಿಕೊಂಡು ಹತ್ತು ನಿಮಿಷದಲ್ಲಿ ಮುಗಿಸುತ್ತದೆ, ತಂತಿಯ ತುಂಡುಗಳನ್ನೂ ಮುಖಕ್ಕೆ ಎಸೆಯುತ್ತದೆ. ಕನ್ನಡಕ ಹಾಕದೆ ಅದನ್ನು ಮುಟ್ಟುವವನು ಮೂರ್ಖ. ನನಗೆ ಇಷ್ಟವಾದದ್ದು ಕೈಬ್ರಷ್ಷು ಮತ್ತು ಎಂಬತ್ತರ ಎಮರಿ ಕಾಗದ. ಮೊದಲು ಮಣ್ಣು ಉದುರುತ್ತದೆ, ಆಮೇಲೆ ಚಕ್ಕೆ, ಆಮೇಲೆ ಅರಿಸಿನ ಕುಂಕುಮ ಬೆರೆತಂಥ ನುಣುಪು ಪುಡಿ. ಅದೂ ಹೋದ ಮೇಲೆ ಬೂದುಬಣ್ಣದ ಕಬ್ಬಿಣ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಮಿಂಚುತ್ತದೆ. ಒಂದು ಅಂಗೈ ಅಗಲದಷ್ಟು ಜಾಗಕ್ಕೆ ಅರ್ಧ ಗಂಟೆ ಹಿಡಿದರೂ ನನಗೆ ಬೇಸರವಿಲ್ಲ. ಸಂಜೆ ಮೀಯುವಾಗ ಮೂಗಿನಿಂದ ಕೆಂಪು ನೀರು ಬರುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನು ಕಲಿಯಲು ಮಾತ್ರ ನನಗೆ ಮೂರು ವರ್ಷ ಬೇಕಾಯಿತು.

ಎಷ್ಟು ಕೆರೆದರೂ ಗುಂಡಿಯೊಳಗಿನ ತುಕ್ಕು ಉಳಿದೇ ಉಳಿಯುತ್ತದೆ. ಅದಕ್ಕೆಂದು ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಸಿಗುತ್ತದೆ. ಬಳಿದಾಗ ಹಾಲಿನಂತಿದ್ದದ್ದು ಇಪ್ಪತ್ತು ನಿಮಿಷದಲ್ಲಿ ನೇರಳೆಗೆ ತಿರುಗಿ ಆಮೇಲೆ ಕಪ್ಪಾಗುತ್ತದೆ. ಡಬ್ಬಿಯ ಮೇಲೆ ‘ಟ್ಯಾನಿಕ್ ಆಸಿಡ್’ ಎಂದು ಓದಿದಾಗ ನನಗೆ ನೆನಪಾದದ್ದು ಘಟ್ಟದ ಮೇಲಿನ ಅಕ್ಕನ ಮನೆಯ ಅಡಿಕೆ ಕೊಯ್ಲು. ಅಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರ ಬೆರಳು ತಿಂಗಳುಗಟ್ಟಲೆ ಕಪ್ಪು, ಕತ್ತಿಯೂ ಕಪ್ಪು. ಅಡಿಕೆಯ ಒಗರು ಕಬ್ಬಿಣಕ್ಕೆ ತಾಗಿದ ಕಪ್ಪು ಅದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಲೆಕ್ಕದಲ್ಲಿ. ಭಾವನ ಹತ್ತಿರ ಒಂದು ಬಾಟಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ಬೇಡಿದೆ. “ಜೀಪಿಗೆ ಚೊಗರು ಕುಡಿಸ್ತೀಯಾ?” ಎಂದು ನಗುತ್ತಲೇ ತುಂಬಿ ಕೊಟ್ಟರು. ಮಡ್‌ಗಾರ್ಡಿನ ಒಳಮೈಗೆ ಬಳಿದೆ. ಡಬ್ಬಿಯದರಷ್ಟೇ ಚೆಂದದ ಕಪ್ಪು ಬಂತು! ಒಂದು ವಾರ ಎಲ್ಲರನ್ನೂ ಕರೆದು ತೋರಿಸಿದೆ. ಮೊದಲ ದೊಡ್ಡ ಮಳೆಗೆ ಅಷ್ಟೂ ತೊಳೆದುಹೋಯಿತು. ಡಬ್ಬಿಯದರಲ್ಲಿ ಕಪ್ಪಿನ ಜೊತೆಗೆ ಅಂಟಿನಂಥ ಪದರ ಕಟ್ಟುವ ಸಾಮಾನೂ ಇರುತ್ತದೆ, ಚೊಗರಿನಲ್ಲಿ ಅದಿಲ್ಲ. ಈಗ ಡಬ್ಬಿಯನ್ನೇ ತರುತ್ತೇನೆ.

ಇದಾದ ಮೇಲೆ ಒಂದು ರಾತ್ರಿ ಒಣಗಲು ಬಿಟ್ಟು, ಎಪಾಕ್ಸಿ ಪ್ರೈಮರು ಎರಡು ಕೈ, ಅದರ ಮೇಲೆ ಬಣ್ಣ. ಅಂಚುಗಳಿಗೆ ಮಾತ್ರ ಮೂರು ಕೈ. ಯಾವ ಬಣ್ಣವೂ ಅಂಚಿನಲ್ಲಿ ತೆಳುವಾಗಿಯೇ ನಿಲ್ಲುತ್ತದೆ, ತುಕ್ಕು ಶುರುವಾಗುವುದೂ ಅಲ್ಲಿಂದಲೇ.

ಬಣ್ಣದ ಮೇಲೆ ಏನು ಎಂಬ ವಿಷಯಕ್ಕೆ ಬಂದರೆ ನಮ್ಮೂರಿನಲ್ಲಿ ಜಗಳವೇ ಆದೀತು. ಸರ್ವಿಸ್ ಸ್ಟೇಷನ್ನಿನವರು ಹಿಂದೆಲ್ಲ ಸುಟ್ಟ ಆಯಿಲಿಗೆ ಡೀಸೆಲ್ ಬೆರೆಸಿ ಅಡಿಗೆಲ್ಲ ಹೊಡೆಯುತ್ತಿದ್ದರು. ನಾನೂ ಹತ್ತು ವರ್ಷ ಹೊಡೆಸಿದೆ. ತುಕ್ಕು ನಿಂತದ್ದು ನಿಜ. ಆದರೆ ರಬ್ಬರು ಬುಷ್ಷುಗಳು ಮೆತ್ತಗಾದವು, ಅಂಗಳದಲ್ಲಿ ತೊಟ್ಟಿಕ್ಕಿದ ಎಣ್ಣೆ ಮಳೆನೀರಿನ ಮೇಲೆ ಕಾಮನಬಿಲ್ಲು ಬಿಡಿಸಿಕೊಂಡು ಬಾವಿಯ ಕಡೆಗೆ ಹೊರಟಿತು. ಅದನ್ನು ಕಂಡ ದಿನ ನಿಲ್ಲಿಸಿದೆ. ಆಮೇಲೆ ಗಂಗೊಳ್ಳಿಯ ದೋಣಿಯವರೊಬ್ಬರು ಮೀನೆಣ್ಣೆ ಹೇಳಿದರು. ಹಳೆಯ ಮರದ ದೋಣಿಗಳಿಗೆ ಅದನ್ನೇ ಬಳಿಯುತ್ತಿದ್ದರು. ಅಮೆರಿಕದಲ್ಲಿ 1921ರಲ್ಲಿ ಶುರುವಾದ ರಸ್ಟ್-ಓಲಿಯಂ ಬಣ್ಣದ ಕಂಪನಿಯ ಮೂಲವೂ ಮೀನೆಣ್ಣೆಯೇ ಅಂತೆ. ಅದನ್ನು ಕಟ್ಟಿದ ರಾಬರ್ಟ್ ಫರ್ಗೂಸನ್ ಹಡಗಿನ ಕ್ಯಾಪ್ಟನ್ನು. ಡೆಕ್ಕಿನ ಮೇಲೆ ಮೀನೆಣ್ಣೆ ಚೆಲ್ಲಿದ ಕಡೆ ತುಕ್ಕು ಬೆಳೆಯದಿದ್ದುದನ್ನು ಗಮನಿಸಿದ್ದನೆಂದು ಕಥೆ. ನಾನೂ ಎರಡು ಲೀಟರು ತಂದು ಬಳಿದೆ. ಫಲಿತಾಂಶ ಏನಾಗುತ್ತಿತ್ತೋ, ಊರಿನ ಬೆಕ್ಕುಗಳೆಲ್ಲ ಹತ್ತು ದಿನ ಜೀಪಿನಡಿಯಲ್ಲೇ ಸಂಸಾರ ಹೂಡಿದ್ದರಿಂದ ಹೆಂಡತಿಯ ಅಪ್ಪಣೆಯಂತೆ ತೊಳೆದೆ. ಈಗ ಮೇಣದಂಥ ಸ್ಪ್ರೇ ಹೊಡೆಯುತ್ತೇನೆ, ತೀರಾ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವಂಥದ್ದು. ಬ್ರೇಕಿನ ಡ್ರಮ್ಮಿಗೂ ಸೈಲೆನ್ಸರಿಗೂ ತಾಗದಂತೆ ಹಳೆಯ ಲುಂಗಿ ಸುತ್ತಿ.

ದಪ್ಪಗೆ ಕಪ್ಪು ಬಳಿಯುವ ಡಾಂಬರಿನ ಕೋಟಿಂಗಿನ ಮೇಲೆ ನನಗೆ ನಂಬಿಕೆ ಕಡಿಮೆ. ಹೊಸ ಗಾಡಿಗೆ, ಶುದ್ಧ ತಗಡಿಗೆ ಹೊಡೆದರೆ ಅದು ಒಳ್ಳೆಯದೇ. ಹಳೆಯ ತುಕ್ಕಿನ ಮೇಲೆ ಹೊಡೆದರೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟು ನೀರು ಒಳಗೆ ಸೇರುತ್ತದೆ. ಸೇರಿದ್ದು ಹೊರಗೆ ಬರುವುದಿಲ್ಲ. ಮೇಲೆ ಕಪ್ಪು, ಒಳಗೆ ಹಪ್ಪಳ.

ಸೋದರಳಿಯ ಇಂಜಿನಿಯರ್. ಮೀನುಗಾರಿಕೆಯ ಉಕ್ಕಿನ ಬೋಟುಗಳ ಹೊಟ್ಟೆಗೆ ಸತುವಿನ ಗಟ್ಟಿ ಕಟ್ಟುತ್ತಾರೆ, ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ, ಜೀಪಿಗೂ ನಾಲ್ಕು ಕಟ್ಟೋಣ ಎಂದ. ಆಸೆ ನನಗೂ ಆಯಿತು. ಆಮೇಲೆ ಅವನೇ ಯೋಚಿಸಿ ತಲೆ ಕೆರೆದುಕೊಂಡ. ಬೋಟು ಸದಾ ಉಪ್ಪುನೀರಿನಲ್ಲಿ ಮುಳುಗಿರುವುದರಿಂದ ಸತುವಿಗೂ ಉಕ್ಕಿಗೂ ನಡುವೆ ನೀರೇ ತಂತಿಯಾಗುತ್ತದೆ. ರಸ್ತೆಯ ಮೇಲೆ ಓಡುವ ಗಾಡಿಗೆ ಆ ತಂತಿ ಇಲ್ಲ. ಸತುವನ್ನು ಬಣ್ಣದಲ್ಲಿ ಬೆರೆಸಿ ಕಬ್ಬಿಣಕ್ಕೆ ಅಂಟುವ ಹಾಗೆ ಬಳಿದರೆ ಮಾತ್ರ ಪ್ರಯೋಜನ. ಅಂಥ ಬಣ್ಣ ಸಿಗುತ್ತದೆ, ದುಬಾರಿ. ಹ್ಯಾಂಗರುಗಳಿಗೆ ಮಾತ್ರ ಬಳಿದಿದ್ದೇನೆ.

ತುಕ್ಕು ಹಿಡಿಯದ ಕಬ್ಬಿಣ ನೋಡಬೇಕೆಂದರೆ ಕೊಡಚಾದ್ರಿಗೆ ಹೋಗಬೇಕು. ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬವಿದೆ, ಕೈಯಿಂದ ಬಡಿದು ಮಾಡಿದ್ದು. ಪಶ್ಚಿಮ ಘಟ್ಟದ ಆ ಮಳೆಯಲ್ಲಿ ನಿಂತೂ ನಿಂತೂ ಹೆಚ್ಚೇನೂ ಸವೆದಿಲ್ಲ. ಅದರ ಪಕ್ಕದಲ್ಲೇ ಬಾಡಿಗೆ ಜೀಪುಗಳ ಸಾಲು. ನನ್ನ ಜೀಪಿನದೇ ವಂಶದವು, ಮಡ್‌ಗಾರ್ಡಿನಲ್ಲಿ ಕೈ ತೂರುವಷ್ಟು ತೂತು. ಕಂಬವನ್ನೂ ಸುತ್ತಿಗೆಯಿಂದ ಒಮ್ಮೆ ತಟ್ಟಬೇಕೆಂದು ಕೈ ತುರಿಸಿತು. ದೇವಸ್ಥಾನ ನೋಡಿ, ಸುಮ್ಮನಾದೆ.

ಇಷ್ಟು ವರ್ಷ ಹಾಳೆಯ ಮೇಲೆ ಮಲಗಿ ನನಗೆ ತೋಚಿದ್ದೆಂದರೆ, ಬಣ್ಣಕ್ಕಿಂತ ಪೊರಕೆ ಕಡ್ಡಿ ಮೇಲು. ಬಾಗಿಲಿನ ಕೆಳಗೆ, ಚಾಸಿಯ ಮೂಲೆಯಲ್ಲಿ, ನೆಲದ ತಗಡಿನಲ್ಲಿ ನೀರು ಇಳಿದುಹೋಗಲೆಂದು ಗಾಡಿ ಮಾಡಿದವರೇ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಅವು ಮಣ್ಣು ಕಟ್ಟಿದರೆ ಯಾವ ಸ್ಪ್ರೇಯೂ ಕಾಯದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಂಗಿನ ಹಿಡಿಸೂಡಿಯ ಒಂದು ಕಡ್ಡಿ ಮುರಿದು ಆ ತೂತುಗಳಿಗೆ ಚುಚ್ಚುತ್ತೇನೆ. ಕಡ್ಡಿ ಹೊರಗೆ ತೆಗೆದಾಗ ಕೆಂಪು ನೀರು ತೊಟ್ಟಿಕ್ಕಿ, ಆಮೇಲೆ ಸಣ್ಣಗೆ ಧಾರೆಯಾಗಿ ಹರಿಯುತ್ತದೆ. ಮಗುವಿನ ಕಟ್ಟಿದ ಮೂಗು ಬಿಟ್ಟಾಗ ತಾಯಿಗೆ ಆಗುವಂಥ ಸಮಾಧಾನ ನನಗೆ ಆಗುತ್ತದೆ ಎಂದರೆ ನೀವು ನಗಬಹುದು.

ಎರಡು ಎಚ್ಚರಿಕೆ ಹೇಳಲೇಬೇಕು. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗಬೇಡಿ, ಮುರಕಲ್ಲು ಪೇರಿಸಿದ್ದನ್ನು ನಂಬಲೇಬೇಡಿ. ಅದು ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡು ಇಟ್ಟು, ಚಕ್ರಕ್ಕೆ ಅಡ್ಡಗಟ್ಟಿ ಕೊಡಿ. ಇನ್ನೊಂದು, ಚಾಸಿಯಲ್ಲಿ ‘ದಪ್’ ಎಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿಯಬೇಡಿ. ಅಲ್ಲಿ ಕೊಳೆತದ್ದನ್ನು ಕತ್ತರಿಸಿ, ಅದರಷ್ಟೇ ದಪ್ಪದ ತಗಡು ಬೆಸುಗೆ ಹಾಕಿಸಬೇಕು. ಅಡ್ಡಪಟ್ಟಿಗೆ ನಾನು ಹಾಗೇ ಮಾಡಿಸಿದೆ. ಬೆಸುಗೆಯ ಬಿಸಿಗೆ ಹಿಂಬದಿಯ ಬಣ್ಣ ಸುಟ್ಟಿರುತ್ತದೆ, ಅದನ್ನು ಮರೆತರೆ ಮುಂದಿನ ತೂತು ಅಲ್ಲೇ.

ಹಳೆಯ ಗಾಡಿ ಕೊಳ್ಳಲು ಹೊರಟವರು ಬಾನೆಟ್ಟು ತೆರೆಯುವ ಮೊದಲು ಅಡಿಗೆ ಹೋಗಿ ಮಲಗಿ. ಮಾರುವ ವಾರ ಹೊಸದಾಗಿ ಕಪ್ಪು ಬಳಿದದ್ದು ಕಂಡರೆ ಎದ್ದು ಮೈ ಕೊಡವಿಕೊಂಡು ಮನೆಗೆ ಹೋಗಿ. ಸುತ್ತಿಗೆ ಬೇಕಿದ್ದರೆ ನನ್ನದನ್ನೇ ಒಯ್ಯಿರಿ. ದೀಪಾವಳಿಯ ಒಳಗೆ ವಾಪಸು ತಂದುಕೊಟ್ಟರೆ ಆಯಿತು.