ಖಾತೆ ಎಂಬ ಕ್ಲಾಸು

6 ಅಕ್ಟೋಬರ್ 2025, ಸೋಮವಾರ

ಅರೆವಾರ್ಷಿಕ ಲೆಕ್ಕ ಮುಗಿಸಿ ಉಸಿರು ಬಿಟ್ಟದ್ದಾಯಿತು. ಮಗಳು ತನ್ನ ಹಳೇ ಲ್ಯಾಪ್‌ಟಾಪಿಗೆ ಜಾವಾ 25 ಹಾಕಿಕೊಟ್ಟು ಕಾಲೇಜಿಗೆ ಹೊರಟುಹೋದಳು. ಜೊತೆಗೆ ಅವಳ ಪಠ್ಯಪುಸ್ತಕ. ಮೊದಲ ಪಾಠದಲ್ಲೇ ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಅಂತ ಉದ್ದನೆಯ ಸಾಲು, ಕೆಳಗೆ ಅರ್ಥ ಮುಂದೆ ತಿಳಿಯುತ್ತದೆ ಎಂಬ ಸಮಾಧಾನ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನವರು ಜಾವಾ ಹೊರತಂದಾಗಿನಿಂದ ಕಲಿಯುವವರೆಲ್ಲ ಇದನ್ನು ಉರುಹೊಡೆದೇ ಮುಂದೆ ಹೋಗಿರಬೇಕು. ಹೋದ ತಿಂಗಳು ಬಂದ ಈ ಆವೃತ್ತಿಯಲ್ಲಿ ಬರೀ ವಾಯ್ಡ್ ಮೇನ್ ಸಾಕು. ಮೂರು ಸಾಲಿಗೆ ಪರದೆಯ ಮೇಲೆ ನನ್ನ ಹೆಸರು ಬಂತು.

ಈ ವಯಸ್ಸಲ್ಲಿ ಇದೆಲ್ಲ ಯಾಕೆ ಅಂತ ಇವರು ಕೇಳಿದರು. ನಾನು ಕೆಲಸ ಮಾಡುವ ಸಹಕಾರ ಸಂಘದ ತಂತ್ರಾಂಶದಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿ ಫೋನ್ ಮಾಡಿದರೆ ಕಂಪನಿಯ ಹುಡುಗ “ಅದು ಬ್ಯಾಕೆಂಡಲ್ಲಿ ಬರೋದು ಮೇಡಂ” ಅನ್ನುತ್ತಾನೆ. ಅಲ್ಲಿಗೆ ನನ್ನ ಬಾಯಿ ಕಟ್ಟುತ್ತದೆ. ಅವನಿಗೆ ಎರಡನೇ ಪ್ರಶ್ನೆ ಕೇಳುವಷ್ಟಾದರೂ ಕಲಿಯಬೇಕು.

9 ಅಕ್ಟೋಬರ್, ಗುರುವಾರ

ಕ್ಲಾಸ್ ಅಂದರೇನು ಎಂಬುದಕ್ಕೆ ಪುಸ್ತಕದಲ್ಲಿ ನಾಯಿ, ಬೆಕ್ಕು, ಕಾರು. ಪ್ರೋಗ್ರಾಮ್ ಬರೆದು ನಾಯಿ ಬೊಗಳಿಸಿದರೆ ಯಾರಿಗೇನು ಉಪಕಾರ? ನಾನು ಕೆಲಸಕ್ಕೆ ಸೇರಿದಾಗ ಪ್ರೆಸ್ಸಿನಿಂದ ಖಾಲಿ ಲೆಡ್ಜರ್ ಹಾಳೆಗಳ ಕಟ್ಟು ಬರುತ್ತಿತ್ತು: ತಾರೀಖು, ವಿವರ, ಖರ್ಚು, ಜಮಾ, ಬಾಕಿ. ಅಚ್ಚು ಒಂದೇ, ಸದಸ್ಯರಿಗೊಂದು ಹಾಳೆ. ಅಚ್ಚು ಕ್ಲಾಸು, ಹಾಳೆ ಆಬ್ಜೆಕ್ಟು. ನ್ಯೂ ಅಂದರೆ ಕಟ್ಟಿನಿಂದ ಇನ್ನೊಂದು ಹಾಳೆ ಎಳೆದದ್ದು.

ಒಂದು ಖಾತೆ ಮಾಡಿ ‘ಅ’ ಎಂದು ಹೆಸರಿಟ್ಟೆ. ‘ಬ’ ಸಮ ‘ಅ’ ಎಂದು ಬರೆದು, ‘ಬ’ಗೆ ಐನೂರು ಜಮಾ ಮಾಡಿದೆ. ‘ಅ’ ತೆಗೆದು ನೋಡಿದರೆ ಅಲ್ಲೂ ಐನೂರು! ಎರಡೂ ಒಂದೇ ಹಾಳೆಯ ಹೆಸರು. ಬರೀ ಸಂಖ್ಯೆಗಳಲ್ಲಿ ಇದೇ ಆಟ ಆಡಿದರೆ ನಕಲಾಗುತ್ತದೆ, ಒಂದನ್ನು ಬದಲಿಸಿದರೆ ಇನ್ನೊಂದು ಹಾಗೇ ಇರುತ್ತದೆ. ಇಷ್ಟು ದೊಡ್ಡ ವಿಷಯಕ್ಕೆ ಪುಸ್ತಕ ಕೊಟ್ಟದ್ದು ಅರ್ಧ ಪುಟ.

12 ಅಕ್ಟೋಬರ್, ಭಾನುವಾರ

ಕೊನೆಗೂ ಬ್ಯಾಂಕ್ ಖಾತೆಯ ಉದಾಹರಣೆ. ಬಾಕಿಯನ್ನು ಡಬಲ್ ಎಂಬ ದಶಮಾಂಶದ ಬಗೆಯಲ್ಲಿ ಇಟ್ಟಿದ್ದಾರೆ. 0.1ಕ್ಕೆ 0.2 ಕೂಡಿಸಿ ನೋಡಿದೆ: 0.30000000000000004. ಯಂತ್ರ ಎರಡರ ಮಾನದಲ್ಲಿ ಎಣಿಸುವುದರಿಂದ ಹತ್ತನೇ ಒಂದು ಅದಕ್ಕೆ ಎಂದೂ ಪೂರ್ತಿ ದಕ್ಕುವುದಿಲ್ಲ. ನಮಗೆ ಮೂರನೇ ಒಂದು 0.333 ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೆ. ಇರಲಿ, ಆದರೆ ಹಣಕ್ಕೆ ಯಾಕೆ ಇದನ್ನು ಹಾಕಬೇಕು? ಒಂದು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಕೂತು ಟ್ರಯಲ್ ಬ್ಯಾಲೆನ್ಸ್ ತಾಳೆ ಹಾಕಿದವಳು ನಾನು.

ಪೈಸೆಯಲ್ಲೇ, ಪೂರ್ಣಾಂಕವಾಗಿ ಇಡುವುದೆಂದು ಮಾಡಿದೆ. ಇಂಟ್‌ನ ಮಿತಿ 2147483647. ಪೈಸೆ ಲೆಕ್ಕದಲ್ಲಿ 2 ಕೋಟಿ 14 ಲಕ್ಷ ಚಿಲ್ಲರೆ ರೂಪಾಯಿ. ನಮ್ಮಂಥ ಸಣ್ಣ ಸಂಘದ ಒಟ್ಟು ಠೇವಣಿಯೇ ಅದನ್ನು ದಾಟುತ್ತದೆ. ದಾಟಿದರೆ ಜಾವಾ ಗದ್ದಲವನ್ನೂ ಮಾಡುವುದಿಲ್ಲ, ತೆಪ್ಪಗೆ ಋಣಸಂಖ್ಯೆಗೆ ಹೊರಳಿಬಿಡುತ್ತದೆ. ಲಾಂಗ್ ಹಾಕಿದೆ. ಬಡ್ಡಿಗೆ ಬಿಗ್‌ಡೆಸಿಮಲ್ ಅಂತ ಬೇರೆಯೇ ಇದೆ, ನೋಡಬೇಕು.

17 ಅಕ್ಟೋಬರ್, ಶುಕ್ರವಾರ

ಪ್ರೈವೇಟ್ ಎಂದು ಬರೆದ ಫೀಲ್ಡನ್ನು ಹೊರಗಿನವರು ಮುಟ್ಟುವಂತಿಲ್ಲ, ಕ್ಲಾಸಿನ ಮೆಥಡ್ ಮೂಲಕವೇ ಬರಬೇಕು. ಎನ್‌ಕ್ಯಾಪ್ಸುಲೇಷನ್ ಎಂದು ಪುಸ್ತಕ ಇದನ್ನು ಬಾಯ್ತುಂಬ ಹೊಗಳಿ, ಪುಟ ತಿರುವಿದರೆ ಸೆಟ್‌ಬ್ಯಾಲೆನ್ಸ್ ಎಂಬ ಮೆಥಡ್ ಕೊಟ್ಟಿದೆ! ಯಾರು ಬೇಕಾದರೂ ಬಂದು ಬಾಕಿ ತಿದ್ದುವುದಾದರೆ ಪ್ರೈವೇಟ್ ಮಾಡಿದ್ದೇಕೆ? ಆಡಿಟರ್ ಮುಂದೆ ಇಂಥದ್ದು ಇಟ್ಟರೆ ಸಂಘಕ್ಕೆ ‘ಡಿ’ ವರ್ಗವೇ ಗತಿ.

ಬಾಕಿ ಎಂಬ ಫೀಲ್ಡನ್ನೇ ತೆಗೆದುಹಾಕಿದೆ. ಖಾತೆಯೊಳಗೆ ಈಗ ಇರುವುದು ನಮೂದುಗಳ ಪಟ್ಟಿ, ಒಂದು ಅರೇಲಿಸ್ಟ್. ಬಾಕಿ ಕೇಳಿದಾಗ ಮೊದಲ ನಮೂದಿನಿಂದ ಕೂಡುತ್ತಾ ಬಂದು ಹೇಳುತ್ತದೆ. ಒಂದೊಂದು ನಮೂದೂ ಒಂದು ರೆಕಾರ್ಡ್: ತಾರೀಖು, ವಿವರ, ಪೈಸೆ. ರೆಕಾರ್ಡ್ ಒಮ್ಮೆ ಹುಟ್ಟಿದ ಮೇಲೆ ಅದರ ಅಂಕಿ ತಿದ್ದಲು ಕಂಪೈಲರ್ ಬಿಡುವುದಿಲ್ಲ. ತಪ್ಪು ಬಿದ್ದರೆ ಎದುರು ನಮೂದು ಹಾಕಿಯೇ ಸರಿಪಡಿಸಬೇಕು. ನಮ್ಮ ಹಳೇ ಹೆಡ್‌ಕ್ಲರ್ಕು ಹೊಸಬರಿಗೆ ಹೇಳುತ್ತಿದ್ದದ್ದೂ ಇಷ್ಟೇ: ಕೆರೆಯಬೇಡಿ, ವೈಟ್ನರ್ ಮುಟ್ಟಬೇಡಿ.

ಮಗಳಿಗೆ ಫೋನಿನಲ್ಲಿ ಹೇಳಿದೆ. “ಅಮ್ಮ, ಪ್ರತಿ ಸಲ ಮೊದಲಿಂದ ಕೂಡಿದ್ರೆ ಸ್ಲೋ ಆಗಲ್ವಾ?” ಆಗುತ್ತದೆ. ಅದಕ್ಕೇ ಅಲ್ಲವೇ ಮಾರ್ಚ್ ಕೊನೆಗೆ ಬಾಕಿಯನ್ನು ಮುಂದಿನ ಪುಸ್ತಕಕ್ಕೆ ಒಯ್ಯುವುದು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ ಆ ಕಡೆಯಿಂದ.

23 ಅಕ್ಟೋಬರ್, ಗುರುವಾರ

ಹಬ್ಬದ ಪಾತ್ರೆ ತೊಳೆಯುವುದೇ ಇನ್ನೂ ಮುಗಿದಿಲ್ಲ. ಇಲ್ಲದ ಸದಸ್ಯರ ಖಾತೆ ಕೇಳಿದ್ದಕ್ಕೆ ನಲ್‌ಪಾಯಿಂಟರ್‌ಎಕ್ಸೆಪ್ಷನ್ ಎಂಬ ಕೆಂಪು ಸಾಲುಗಳು. ಮುಚ್ಚಿಟ್ಟು ಮಲಗಿದೆ.

1 ನವೆಂಬರ್, ಶನಿವಾರ

ಸಂಘದಲ್ಲಿ ಧ್ವಜ ಏರಿಸಿ ಬಂದು ಕೂತೆ. ಜಾವಾದಲ್ಲಿ ಕ್ಲಾಸಿಗೂ ಮೆಥಡ್ಡಿಗೂ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಖಾತೆ, ಜಮಾಮಾಡು, ಬಾಕಿ. ಸಲೀಸಾಗಿ ಓಡಿತು. ಆದರೆ ‘ಕನ್ನಡ’ ಎಂಬುದರ ಉದ್ದ ಕೇಳಿದರೆ 5 ಅನ್ನುತ್ತದೆ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಮೊದಲ ಮೂರನ್ನು ಕತ್ತರಿಸಿ ತೆಗೆದರೆ ‘ಕನ್’ ಅಂತ ನಿಲ್ಲುತ್ತದೆ. ನಮ್ಮ ಪಾಸ್‌ಬುಕ್ಕಿನಲ್ಲಿ ಉದ್ದ ಹೆಸರಿನವರೆಲ್ಲ ಅರ್ಧಾಕ್ಷರಕ್ಕೆ ನಿಂತುಹೋಗುವುದು ಇದಕ್ಕೇ ಇರಬೇಕು! ಯಾರೋ ಪುಣ್ಯಾತ್ಮ ಅಂಕಣದ ಅಗಲಕ್ಕೆ ಎಣಿಸಿ ಕತ್ತರಿಸಿದ್ದಾನೆ. ಸೋಮವಾರ ಕಂಪನಿಯ ಆ ಹುಡುಗನಿಗೆ ಫೋನ್ ಮಾಡಬೇಕು.

9 ನವೆಂಬರ್, ಭಾನುವಾರ

ಇನ್ಹೆರಿಟೆನ್ಸ್. ಕ್ಲಾಸು, ಸಬ್‌ಕ್ಲಾಸಿನ ವಿಚಾರವೆಲ್ಲ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಓಸ್ಲೋದಲ್ಲಿ ಕಟ್ಟಿದ ಸಿಮುಲಾ 67ರಿಂದ ಬಂದದ್ದು. ಪುಸ್ತಕದ ಪ್ರಕಾರ ಖಾತೆ ತಾಯಿ. ಉಳಿತಾಯ, ನಿಶ್ಚಿತ ಠೇವಣಿ ಮಕ್ಕಳು. ತಾಯಿಯ ‘ಹಿಂಪಡೆ’ ಮಕ್ಕಳಿಗೂ ಬರುತ್ತದೆ. ನಿಶ್ಚಿತ ಠೇವಣಿಯಲ್ಲಿ ಮನಸ್ಸು ಬಂದಾಗ ಇನ್ನೂರು ಮುನ್ನೂರು ತೆಗೆಯುವುದುಂಟೇ? ಅಲ್ಲಿ ಎಕ್ಸೆಪ್ಷನ್ ಎಸೆದರಾಯಿತು ಎನ್ನುತ್ತದೆ ಪುಸ್ತಕ. ತಾಯಿ ಇದ್ದ ಕಡೆ ಮಗುವನ್ನು ನಿಲ್ಲಿಸಿದರೂ ಪ್ರೋಗ್ರಾಮ್ ಕೆಡಬಾರದು ಎಂದು ಬಾರ್ಬರಾ ಲಿಸ್ಕೋವ್ 1987ರಲ್ಲೇ ಹೇಳಿದ್ದಾರೆ ಅಂತ ಮಗಳು. ಹಾಗಾದರೆ ಇದು ಮಗುವೇ ಅಲ್ಲ.

ಪಿಗ್ಮಿ ಇನ್ನೂ ತೊಡಕು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ನಮ್ಮ ಉಡುಪಿಯಲ್ಲೇ ಶುರುಮಾಡಿದ ಠೇವಣಿ ಅದು, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಕೌಂಟರಿಗೆ ಹಣ ತರುವವನು ಸದಸ್ಯನಲ್ಲ, ಕಲೆಕ್ಟರ್. ಅವನ ಕಮಿಷನ್ ಬೇರೆ. ಸಾಲದ ಖಾತೆಯಲ್ಲಂತೂ ಜಮಾ ಆದಷ್ಟೂ ಬಾಕಿ ಇಳಿಯಬೇಕು.

ತಾಯಿ-ಮಕ್ಕಳ ನಂಟು ಅಳಿಸಿದೆ. ನಾಲ್ಕೂ ಬೇರೆ ಬೇರೆ ಕ್ಲಾಸು, ನಾಲ್ಕರ ಒಳಗೂ ಅದೇ ನಮೂದುಗಳ ಪಟ್ಟಿ. ಬಡ್ಡಿ ಹಾಕುವುದಕ್ಕೆ ಮಾತ್ರ ಒಂದು ಇಂಟರ್‌ಫೇಸ್. ಹೇಗೆ ಹಾಕುವುದೆಂದು ಆಯಾ ಕ್ಲಾಸಿಗೇ ಬಿಟ್ಟದ್ದು. ಸುಸ್ತಿ ಬಡ್ಡಿಯನ್ನು ಸಾಲದ ಕ್ಲಾಸಿನೊಳಗೆ ಇಡಲೋ ಬೇರೆ ಮಾಡಲೋ ಎಂಬುದು ಬಗೆಹರಿದಿಲ್ಲ. ಪುಸ್ತಕದಲ್ಲಿ ಅದರ ಸುದ್ದಿಯೇ ಇಲ್ಲ. ಸಂಘದ ಉಪವಿಧಿಯಲ್ಲಿ ಏನಿದೆಯೆಂದು ನಾಳೆ ನೋಡಿಕೊಂಡು ಬರೆಯುವುದು.