ತಂತಿಯ ಬೆಲೆ, ಮಾತಿನ ತೂಕ

ವ್ಯಾಪಾರಿಯ ಬಳಿ ಎರಡು ತಕ್ಕಡಿಗಳಿರುತ್ತವೆ. ಒಂದು ಗಲ್ಲೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಅದಕ್ಕೆ ಸರ್ಕಾರದ ಮುದ್ರೆ ಬಿದ್ದಿರುತ್ತದೆ. ಇನ್ನೊಂದು ಅವನ ನಾಲಿಗೆ. ಅದಕ್ಕೆ ಮುದ್ರೆ ಹಾಕುವ ಇಲಾಖೆ ಯಾವುದೂ ಇಲ್ಲ. ಮೊದಲನೆಯದು ತಪ್ಪಿದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಎರಡನೆಯದು ತಪ್ಪಿದರೆ ಬಹಳ ಸಲ ಕೇಳಿದವನಿಗೂ ತಿಳಿಯುವುದಿಲ್ಲ, ಹೇಳಿದವನಿಗೂ ತಿಳಿಯುವುದಿಲ್ಲ. ಈ ಎರಡನೆಯ ತಕ್ಕಡಿ ಮಾರುವವನ ಬಳಿ ಮಾತ್ರವಲ್ಲ, ಕೊಳ್ಳುವವನ ಬಳಿಯೂ ಇರುತ್ತದೆಂಬುದನ್ನು ಹುಬ್ಬಳ್ಳಿಯ ಒಬ್ಬ ಬೆಳ್ಳಿ ವ್ಯಾಪಾರಿಗಳ ಮತ್ತು ಬೆಂಗಳೂರಿನಲ್ಲಿರುವ ಅವರ ಅಣ್ಣನ ಮಗನ ನಡುವೆ ನಡೆದ ಪ್ರಸಂಗವೊಂದು ತೋರಿಸಿಕೊಡುತ್ತದೆ.

ಹುಡುಗನು ಸಾಫ್ಟ್‌ವೇರ್ ಉದ್ಯೋಗದಲ್ಲಿರುವವನು, ದುಶ್ಚಟಗಳಿಲ್ಲದವನು. ಸಂಗೀತವೊಂದೇ ಅವನ ವ್ಯಸನ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 600 ಎಂಬ ಹೆಡ್‌ಫೋನ್ ಅವನಲ್ಲಿತ್ತು. 1997ರಲ್ಲಿ ಹೊರಬಂದ ಈ ಮಾದರಿಯನ್ನು ರಸಿಕರು ಇಂದಿಗೂ ಅಳತೆಗೋಲಿನಂತೆ ಬಳಸುತ್ತಾರೆ. ಇದರ ಕೇಬಲ್ಲನ್ನು ಎರಡೂ ಕಿವಿಯ ಬಟ್ಟಲುಗಳಿಂದ ಕಳಚಿ ಬೇರೊಂದನ್ನು ಸಿಕ್ಕಿಸಬಹುದು. ಕೆಟ್ಟರೆ ಬದಲಿಸಲಿ ಎಂದು ಮಾಡಿದ ಈ ಅನುಕೂಲವು ಇನ್ನೊಂದು ಆಸೆಗೂ ಬಾಗಿಲು ತೆರೆಯಿತು. ಕೆಡದಿದ್ದರೂ ಬದಲಿಸಿದರೆ ಧ್ವನಿ ಸುಧಾರಿಸುವುದೆಂಬ ಮಾತು ಕೇಳಿ, ಹುಡುಗನು ಹದಿನಾರು ಸಾವಿರ ರೂಪಾಯಿ ಕೊಟ್ಟು ಹೆಣೆದ ತಾಮ್ರದ ಕೇಬಲ್ಲೊಂದನ್ನು ತರಿಸಿದನು. ಹಾಕಿದ ದಿನವೇ ಪರದೆ ಸರಿದಂತಾಯಿತೆಂದು ಕಚೇರಿಯಲ್ಲಿ ಹೇಳಿಕೊಂಡನು. ಅವನ ಮಾತನ್ನು ನಂಬಿ ಸಹೋದ್ಯೋಗಿಯೊಬ್ಬನು ಅಂಥದೇ ಕೇಬಲ್ಲನ್ನು ಮಾಸಿಕ ಕಂತಿನಲ್ಲಿ ಕೊಂಡನು.

ವರ್ಷ ಕಳೆಯುವುದರೊಳಗೆ ಹುಡುಗನ ಮನಸ್ಸು ಬೆಳ್ಳಿಯ ಕೇಬಲ್ಲಿನತ್ತ ಹೊರಳಿತು. ಬೆಲೆ ನಲವತ್ತೆರಡು ಸಾವಿರ. ಅದೇ ಸಮಯಕ್ಕೆ ಮದುವೆಯೊಂದರ ನಿಮಿತ್ತ ಕಾಕಾ ತಮ್ಮ ಮಗಳೊಂದಿಗೆ ಬೆಂಗಳೂರಿಗೆ ಬಂದು ಅವನ ಮನೆಯಲ್ಲಿಯೇ ಇಳಿದುಕೊಂಡರು. ಬೆಳ್ಳಿಯ ವಿಷಯವಾದ್ದರಿಂದ ಅವರನ್ನೇ ಕೇಳಿಬಿಡೋಣವೆಂದು ಹುಡುಗನು ವಿಷಯ ತೆಗೆದನು.

ಕಾಕಾ ಮೊದಲು ಕೇಳಿದ್ದು ಬೆಳ್ಳಿಯನ್ನಲ್ಲ, ಹಾಡನ್ನು. ಹುಡುಗನು ಅವರ ಕಿವಿಗೆ ಹೆಡ್‌ಫೋನ್ ಇಟ್ಟು ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಯೊಂದನ್ನು ಹಾಕಿದನು. ಮನ್ಸೂರರು 1992ರಲ್ಲಿ ತೀರಿಕೊಳ್ಳುವ ಮುನ್ನ ಧಾರವಾಡದಲ್ಲಿ ಅವರ ಹಾಡನ್ನು ಎದುರು ಕುಳಿತು ಕೇಳಿದ್ದ ಕಾಕಾ ಕಣ್ಣು ಮುಚ್ಚಿದವರು ಹಾಡು ಮುಗಿಯುವವರೆಗೆ ತೆರೆಯಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು: “ತಮ್ಮಾ, ಇದರಲ್ಲಿ ಮನ್ಸೂರ್ ಅವರದು ಎಷ್ಟು, ಈ ತಂತಿಯದು ಎಷ್ಟು?”

“ಅದನ್ನು ಹೇಗೆ ಹೇಳಲಿ ಕಾಕಾ? ಬೆಳ್ಳಿ ಹಾಕಿದರೆ ಇನ್ನೂ ಸ್ವಚ್ಛವಾಗುತ್ತದೆ ಅನ್ನುತ್ತಾರೆ.”

“ಅನ್ನುವವರು ಅನ್ನಲಿ. ಲೆಕ್ಕ ಇರಬೇಕಲ್ಲ, ತೆಗಿ.”

ಇಬ್ಬರೂ ಕಾಗದ ಹಿಡಿದು ಕುಳಿತರು. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತ್ಯಂತ ಸುಲಭವಾಗಿ ಹರಿಯಗೊಡುವುದು ಬೆಳ್ಳಿಯೆಂಬುದು ನಿಜ. ಆದರೆ ತಾಮ್ರಕ್ಕಿಂತ ಅದು ಮುಂದಿರುವುದು ನೂರಕ್ಕೆ ಆರೇಳು ಪಾಲು ಮಾತ್ರ. ಮೂರು ಮೀಟರ್ ಉದ್ದದ ಕೇಬಲ್ಲಿನಲ್ಲಿ ಪ್ರತಿ ತಂತಿಯ ಅಡ್ಡಕೊಯ್ತ 0.2 ಚದರ ಮಿಲಿಮೀಟರ್ ಇದೆಯೆಂದು ಇಟ್ಟುಕೊಂಡರೆ, ಹೋಗುವ ದಾರಿ ಮತ್ತು ಬರುವ ದಾರಿ ಸೇರಿ ತಾಮ್ರದ ತಡೆ ಸುಮಾರು 0.52 ಓಮ್, ಬೆಳ್ಳಿಯದು ಸುಮಾರು 0.48 ಓಮ್. ಈ ಹೆಡ್‌ಫೋನಿನ ತಡೆಯಾದರೋ 300 ಓಮ್. ಮುನ್ನೂರರ ಮುಂದೆ 0.04ರ ವ್ಯತ್ಯಾಸ! ಧ್ವನಿಯ ಮಟ್ಟಕ್ಕೆ ಪರಿವರ್ತಿಸಿದರೆ ಅದು ಒಂದು ಡೆಸಿಬೆಲ್ಲಿನ ಸಾವಿರದಲ್ಲೊಂದು ಪಾಲಿನಷ್ಟಾಗುತ್ತದೆ. ಕಾಲು ಡೆಸಿಬೆಲ್ಲಿಗಿಂತ ಕಡಿಮೆಯ ಏರಿಳಿತವನ್ನು ಗುರುತಿಸಲು ಪಳಗಿದ ಕಿವಿಯೂ ತಿಣುಕುತ್ತದೆ.

ಹುಡುಗನು ಶುದ್ಧತೆಯ ಮಾತೆತ್ತಿದನು. ಜಾಹೀರಾತುಗಳಲ್ಲಿ ‘ನಾಲ್ಕು ಒಂಬತ್ತು’, ‘ಆರು ಒಂಬತ್ತು’ ಎಂಬ ಬಿರುದುಗಳಿರುತ್ತವೆ. ಅಂದರೆ ನೂರಕ್ಕೆ 99.99 ಮತ್ತು 99.9999 ಪಾಲು ಶುದ್ಧವಾದ ಲೋಹ. ಕಾಕಾ ನಕ್ಕರು. ಅವರ ಅಂಗಡಿಯಲ್ಲಿ ಶುದ್ಧತೆಗೆ ಬೆಲೆಯುಂಟು. ಏಕೆಂದರೆ ಅಲ್ಲಿ ಕಲಬೆರಕೆಯ ಪಾಲು ನೂರಕ್ಕೆ ಐದೋ ಹತ್ತೋ ಇರಬಹುದು, ಮಾರುವುದೂ ತೂಕದ ಮೇಲೆ. ನಾಲ್ಕು ಒಂಬತ್ತು ದಾಟಿದ ಮೇಲೆ ಉಳಿಯುವ ಕಶ್ಮಲವು ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಸಾಧಾರಣ ಉಷ್ಣತೆಯಲ್ಲಿ ಅದರಿಂದ ವಿದ್ಯುತ್ತಿನ ಹರಿವಿಗೆ ಆಗುವ ಅಡ್ಡಿ ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಅನಂತರ ಕಾಕಾ ತಮ್ಮ ಕಸುಬಿನ ಲೆಕ್ಕವನ್ನು ಹಾಕಿದರು. ನಾಲ್ಕು ತಂತಿಗಳು, ಒಂದೊಂದೂ ಮೂರು ಮೀಟರ್. ಅಷ್ಟೂ ಅಚ್ಚ ಬೆಳ್ಳಿಯೇ ಆದರೆ ಸುಮಾರು 25 ಗ್ರಾಂ, ಅಂದರೆ ಒಂದು ಪುಟ್ಟ ಕುಂಕುಮದ ಭರಣಿಯ ತೂಕ. ಅಂದಿನ ದರವನ್ನು ಗುಣಿಸಿ ಬರೆದು, ಪಕ್ಕದಲ್ಲಿ ನಲವತ್ತೆರಡು ಸಾವಿರವನ್ನು ಬರೆದರು. ಬೆಳ್ಳಿಯ ಕೇಬಲ್ ಎಂದು ಕರೆಯಲ್ಪಡುವ ಹಲವು ವಾಸ್ತವವಾಗಿ ಬೆಳ್ಳಿಯ ಲೇಪವಿರುವ ತಾಮ್ರವೆಂಬುದನ್ನೂ, ಕೊಳ್ಳುವವನು ಅದನ್ನು ಕೇಳಿ ತಿಳಿದುಕೊಳ್ಳಬೇಕೆಂಬುದನ್ನೂ ಹೇಳಿದರು. ಆದರೂ ವ್ಯಾಪಾರಿಯನ್ನು ನಿಂದಿಸಲು ಅವರು ಒಪ್ಪಲಿಲ್ಲ. ಹೆಣಿಗೆಗೆ ಮಜೂರಿಯುಂಟು, ಪ್ಲಗ್ಗಿಗೆ ಬೆಲೆಯುಂಟು, ಅಂಗಡಿಗೆ ಬಾಡಿಗೆಯುಂಟು. ಲಾಭ ಮಾಡುವುದು ಪಾಪವಲ್ಲ. “ಮಜೂರಿ ಅಂತ ಹೇಳಿ ತಗೊಂಡರೆ ತಪ್ಪಿಲ್ಲ. ಇಲ್ಲದ ಗುಣ ಹೇಳಿ ತಗೊಂಡರೆ ಮಾತ್ರ ತಪ್ಪು” ಎಂದರು.

“ಆದರೆ ಕಾಕಾ, ತಾಮ್ರದ ಕೇಬಲ್ ಹಾಕಿದಾಗ ನನಗೆ ನಿಜವಾಗಿಯೂ ವ್ಯತ್ಯಾಸ ಕೇಳಿಸಿತು” ಎಂದನು ಹುಡುಗ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಕಾಕಾ ಅದನ್ನು ಅಲ್ಲಗಳೆಯಲಿಲ್ಲ. ಬೆಳ್ಳಿಯನ್ನು ನೋಡಿದಾಕ್ಷಣ ಬಣ್ಣದ ಮೇಲೆ ತಮಗೂ ಒಂದು ಅಂದಾಜು ಬರುವುದೆಂದೂ, ಪರೀಕ್ಷೆಗೆ ಕೊಡದೆ ಆ ಅಂದಾಜನ್ನು ಚೀಟಿಯಲ್ಲಿ ಬರೆಯುವುದಿಲ್ಲವೆಂದೂ ಹೇಳಿದರು.

ಧ್ವನಿಗೆ ಒರೆಗಲ್ಲು ಯಾವುದು? ಕಣ್ಣು ಕಟ್ಟಿ ಕೇಳುವ ಪರೀಕ್ಷೆ. 1980ರ ದಶಕದ ಆರಂಭದಲ್ಲಿ ಅಮೆರಿಕೆಯ ಧ್ವನಿತಂತ್ರಜ್ಞರು ಇದಕ್ಕೊಂದು ಕ್ರಮವನ್ನು ರೂಢಿಗೆ ತಂದರು: ಯಾವುದನ್ನು ಕೇಳುತ್ತಿರುವೆನೆಂದು ಕೇಳುಗನಿಗೆ ತಿಳಿಯದಂತೆ ಮಾಡಿ, ಹಲವು ಸಲ ಉತ್ತರ ಪಡೆದು ಎಣಿಸುವುದು. ಮರುದಿನ ಮಧ್ಯಾಹ್ನ ಕಾಕಾರ ಮಗಳು ಸಹಾಯಕ್ಕೆ ನಿಂತಳು. ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಲಾಯಿತು. ಕೇಬಲ್ಲಿನ ಭಾರದಿಂದ ಗುಟ್ಟು ತಿಳಿಯಬಾರದೆಂದು ಅದನ್ನು ಕುರ್ಚಿಯ ಬೆನ್ನಿಗೆ ಆನಿಸಿ, ಹೆಡ್‌ಫೋನನ್ನು ಅವಳೇ ತೊಡಿಸಿದಳು. ಧ್ವನಿಯ ಗುಂಡಿಯನ್ನು ಯಾರೂ ಮುಟ್ಟಲಿಲ್ಲ. ಏಕೆಂದರೆ ತುಸು ಜೋರಾಗಿ ಕೇಳಿದ್ದು ಉತ್ತಮವಾಗಿ ಕೇಳಿದಂತೆ ಭಾಸವಾಗುವುದು ಮನುಷ್ಯರ ಕಿವಿಯ ಸ್ವಭಾವ. ಹೆಡ್‌ಫೋನಿನೊಂದಿಗೆ ಬಂದ ಮೂಲ ಕೇಬಲ್ಲೋ, ಹದಿನಾರು ಸಾವಿರದ್ದೋ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದಳು. ಅದೇ ಕೇಬಲ್ ಮತ್ತೆ ಬಂದಾಗಲೂ ಕಳಚಿ ಸಿಕ್ಕಿಸಿದಳು. ಬಾಯಿಂದ ಒಂದು ಮಾತೂ ಆಡಲಿಲ್ಲ. ಹೀಗೆ ಹದಿನಾರು ಸಲ ನಡೆಯಿತು.

ಬರೀ ಊಹೆಯಿಂದ ಹೇಳಿದರೂ ಹದಿನಾರರಲ್ಲಿ ಎಂಟು ಸರಿಯಾಗುವುದು ಸಹಜ. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವುದು ಊಹೆಯಿಂದ ನೂರಕ್ಕೆ ನಾಲ್ಕು ಸಲ ಮಾತ್ರ ಸಾಧ್ಯ. ಹುಡುಗನದು ಒಂಬತ್ತು ಸರಿಯಾಗಿದ್ದವು. ಕೇಬಲ್ಲುಗಳಲ್ಲಿ ಏನೇನೂ ಭೇದವಿಲ್ಲವೆಂದು ಇದರಿಂದ ಸಿದ್ಧವಾಗದು. ಆದರೆ ಪರದೆ ಸರಿದಂಥ ಭೇದ, ಊರಿಗೆಲ್ಲ ಸಾರಿ ಹೇಳುವಂಥ ಭೇದ ಅಲ್ಲಿ ಇರಲಿಲ್ಲವೆಂಬುದು ಅವನಿಗೇ ಮನವರಿಕೆಯಾಯಿತು.

ಇಷ್ಟರಿಂದ ಕೇಬಲ್ಲಿನ ಆಯ್ಕೆಯೇ ವ್ಯರ್ಥವೆಂದು ವಾಚಕರು ಭಾವಿಸಬಾರದು. ಮೇಜಿನ ಬಳಿ ಕುಳಿತು ಕೇಳುವವನಿಗೆ ಮೂರು ಮೀಟರಿನ ಬದಲು ಒಂದೂವರೆ ಮೀಟರ್ ಸಾಕಾಗಬಹುದು. ಪ್ಲಗ್ ಸಡಿಲವಾಗಿ ಒಂದು ಕಿವಿಯ ಧ್ವನಿ ಬಿಟ್ಟುಬಿಟ್ಟು ಬರುತ್ತಿದ್ದರೆ ಬದಲಿಸಲೇಬೇಕು. ಬಟ್ಟೆಗೆ ಉಜ್ಜಿದಾಗ ಸರಸರ ಸದ್ದನ್ನು ಕಿವಿಗೆ ಮುಟ್ಟಿಸುವ ಒರಟು ಕೇಬಲ್ಲಿಗಿಂತ ಮೃದುವಾದುದು ಲೇಸು. ಕೆಲವು ಆಂಪ್ಲಿಫೈಯರುಗಳಲ್ಲಿ ‘ಬ್ಯಾಲೆನ್ಸ್ಡ್’ ಎಂಬ ಪ್ರತ್ಯೇಕ ದ್ವಾರವಿದ್ದು, ಅದಕ್ಕೆ ನಾಲ್ಕು ಕಡ್ಡಿಯ ಅಥವಾ 4.4 ಮಿಲಿಮೀಟರಿನ ಪ್ಲಗ್ ಬೇಕಾಗುತ್ತದೆ. ಅಲ್ಲಿ ಹೆಚ್ಚು ಬಲ ದೊರೆಯುವುದು ನಿಜ, ಆದರೆ ಆ ಬಲ ಆಂಪ್ಲಿಫೈಯರಿನದು. ಕೇಬಲ್ ಬರಿಯ ದಾರಿ. ಇನ್ನು ಕಿವಿಯೊಳಗೆ ಸೇರಿಸಿಕೊಳ್ಳುವ ಕೆಲವು ಇಯರ್‌ಫೋನುಗಳ ತಡೆ ಹತ್ತು ಓಮ್‌ಗಿಂತಲೂ ಕಡಿಮೆಯಿದ್ದು, ಸ್ವರದ ಏರಿಳಿತಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಅಂಥವುಗಳಲ್ಲಿ ಕೇಬಲ್ಲಿನ ತಡೆ ಒಂದು ಓಮ್ ಹೆಚ್ಚಿದರೂ ಧ್ವನಿಯ ಸಮತೋಲ ಬದಲಾಗಬಹುದು. ಎಟಿಮೋಟಿಕ್ ಸಂಸ್ಥೆಯ ಇಆರ್-4ಪಿ ಎಂಬ ಇಯರ್‌ಫೋನನ್ನು ಇಆರ್-4ಎಸ್ ಆಗಿ ಮಾರ್ಪಡಿಸಲು 75 ಓಮ್ ತಡೆಯುಳ್ಳ ಒಂದು ತುಂಡು ಕೇಬಲ್ಲೇ ಸಾಕಾಗಿತ್ತು. ಅಲ್ಲಿಯೂ ಕೆಲಸ ಮಾಡಿದ್ದು ಅಳೆಯಬಹುದಾದ ಓಮ್, ಲೋಹದ ಕುಲಗೋತ್ರವಲ್ಲ.

ಬೆಳ್ಳಿಯ ಕೇಬಲ್ಲಿನ ಆಸೆ ಅಂದೇ ಇಳಿಯಿತು. ಆದರೆ ಹುಡುಗನ ಮುಖ ಅರಳಲಿಲ್ಲ. ರಾತ್ರಿ ಊಟದ ನಂತರ ಸಹೋದ್ಯೋಗಿಯ ಸಂಗತಿಯನ್ನು ಕಾಕಾರ ಮುಂದಿಟ್ಟನು. “ಅವನ ಕಂತು ಇನ್ನೂ ಮುಗಿದಿಲ್ಲ ಕಾಕಾ. ಆದರೆ ನಾನು ಸುಳ್ಳು ಹೇಳಿರಲಿಲ್ಲ.”

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಂಗಡಿಯ ಒಂದು ಹಳೆಯ ಸಂಗತಿಯನ್ನು ಹೇಳಿದರು. ಮೂವತ್ತು ವರ್ಷಗಳ ಹಿಂದೆ ಪರಿಚಿತ ವ್ಯಾಪಾರಿಯೊಬ್ಬರಿಂದ ತಂದ ಬೆಳ್ಳಿಯ ತಟ್ಟೆಗಳನ್ನು ಅವರ ಮಾತಿನ ಮೇಲೆಯೇ ಮದುವೆಯ ಮನೆಯೊಂದಕ್ಕೆ ಮಾರಿದ್ದರು. ಕೆಲವು ವರ್ಷಗಳ ಮೇಲೆ ಆ ಮನೆಯವರು ಕಷ್ಟಕಾಲದಲ್ಲಿ ಕರಗಿಸಲು ತಂದಾಗ ಬೆಳ್ಳಿ ಹೇಳಿದಷ್ಟು ಇರಲಿಲ್ಲ. ಕೊಟ್ಟ ವ್ಯಾಪಾರಿ ಅಷ್ಟರಲ್ಲಿ ತೀರಿಕೊಂಡಿದ್ದರು. ಕೊರತೆಯನ್ನು ಕಾಕಾ ತಮ್ಮ ಗಲ್ಲೆಯಿಂದ ತುಂಬಿಕೊಟ್ಟರು. “ನಾನೂ ಸುಳ್ಳು ಹೇಳಿರಲಿಲ್ಲ ತಮ್ಮಾ. ಪರೀಕ್ಷೆ ಮಾಡದೆ ಹೇಳಿದ್ದೆ. ತಗೊಂಡವರಿಗೆ ಎರಡೂ ಒಂದೇ.”

ಸೋಮವಾರ ಹುಡುಗನು ಸಹೋದ್ಯೋಗಿಗೆ ಎಲ್ಲವನ್ನೂ ಹೇಳಿದನು. ಹದಿನಾರು ಉತ್ತರಗಳ ಚೀಟಿಯನ್ನೂ ತೋರಿಸಿದನು. ಆತ ಮೊದಲು ತನಗೆ ಚೆನ್ನಾಗಿಯೇ ಕೇಳಿಸುತ್ತದೆಂದು ವಾದಿಸಿದನು. ಆಮೇಲೆ, “ನಿನಗೆ ಕೇಳಿಸುತ್ತದೆ ಅಂದದ್ದಕ್ಕೇ ನನಗೂ ಕೇಳಿಸಿತೇನೋ” ಎಂದು ಮುಖ ತಿರುಗಿಸಿದನು. ಹಲವು ದಿನ ಇಬ್ಬರ ನಡುವೆ ಮಾತು ಕಡಿಮೆಯಾಯಿತು. ನಿಜ ಹೇಳಿದ ಕೂಡಲೇ ಸ್ನೇಹ ಮೊದಲಿನಂತಾಗುವುದೆಂದು ತಿಳಿಯುವುದು ಭ್ರಮೆ.

ಕೊನೆಗೆ ಆತನು ಕೇಬಲ್ಲನ್ನು ಮಾರಲು ನಿಶ್ಚಯಿಸಿದಾಗ, ಏನೆಂದು ಬರೆದು ಮಾರಬೇಕೆಂಬ ಪ್ರಶ್ನೆ ಬಂದಿತು. ಮೊದಲಿನ ಹೊಗಳಿಕೆಯನ್ನೇ ಬರೆದರೆ ಹೆಚ್ಚು ಹಣ ಬರುತ್ತಿತ್ತು. ಕಾಣದ ಮೂರನೆಯವನೊಬ್ಬನು ಅದನ್ನು ತೆರುತ್ತಿದ್ದನು. ಹುಡುಗನು ಹುಬ್ಬಳ್ಳಿಗೆ ಫೋನ್ ಮಾಡಿದನು. “ಉದ್ದ ಬರಿ, ಲೋಹ ಬರಿ, ಪ್ಲಗ್ ಯಾವುದು ಬರಿ, ಎಷ್ಟು ಹಳೆಯದು ಬರಿ. ಧ್ವನಿಯ ವಿಷಯ ಬರೀಬೇಡ” ಎಂಬ ಉತ್ತರ ಬಂದಿತು. ಹಾಗೆಯೇ ಬರೆದರು. ಏಳು ಸಾವಿರಕ್ಕೆ ಹೋಯಿತು. ಉಳಿದ ಒಂಬತ್ತು ಸಾವಿರದ ನಷ್ಟದಲ್ಲಿ ಅರ್ಧವನ್ನು, ನಾಲ್ಕೂವರೆ ಸಾವಿರವನ್ನು, ಹುಡುಗನು ಕೊಟ್ಟನು. ಸಹೋದ್ಯೋಗಿ ಬೇಡವೆಂದು ಎರಡು ಸಲ ಹೇಳಿ ಮೂರನೆಯ ಸಲ ತೆಗೆದುಕೊಂಡನು. ಆ ದಿನ ಇಬ್ಬರೂ ಒಟ್ಟಿಗೆ ಚಹಾ ಕುಡಿದರು.

ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಎಲ್ಲ ಮನೆಗಳಿಗೂ ಹಿತಕರ: ಈಗಿರುವುದರಲ್ಲಿ ಕೊರತೆ ಏನು? ಹೇಳಲಾಗುವ ಗುಣವನ್ನು ಅಳೆಯಲು ಬರುತ್ತದೆಯೇ? ಅಳೆಯಲಾಗದಿದ್ದರೆ ಕಣ್ಣು ಮುಚ್ಚಿಯಾದರೂ ಗುರುತಿಸಬಲ್ಲೆನೇ? ಇನ್ನೊಬ್ಬರಿಗೆ ಸಲಹೆ ಕೊಡುವ ಮುನ್ನವೂ ಇವೇ ಪ್ರಶ್ನೆಗಳು ಸಾಕು. ಏಕೆಂದರೆ ತನ್ನ ಹಣ ತನ್ನ ಅಂಕೆಯಲ್ಲಿರುತ್ತದೆ, ಆಡಿದ ಮಾತು ಯಾರ ಮನೆಯ ಹಣವನ್ನು ಖರ್ಚು ಮಾಡಿಸುವುದೋ ತಿಳಿಯದು.

ಹುಡುಗನು ಈಗ ಹೆಡ್‌ಫೋನಿನೊಂದಿಗೆ ಬಂದ ಮೊದಲಿನ ಕೇಬಲ್ಲಿನಲ್ಲಿಯೇ ಹಾಡು ಕೇಳುತ್ತಾನೆ. ಮುಂದಿನ ಸಲ ಕಾಕಾ ಬಂದಾಗ ಅದೇ ಮನ್ಸೂರರ ಹಾಡನ್ನು ಕೇಳಿಸಿದನು. ಅವರು ಹಿಂದಿನಂತೆಯೇ ಕೊನೆಯವರೆಗೆ ಕಣ್ಣು ಮುಚ್ಚಿ ಕೇಳಿದರು. ಹಾಕಿದ್ದು ಯಾವ ತಂತಿಯೆಂದು ಕೇಳಲಿಲ್ಲ.